ಆರು ತಿಂಗಳಾದ ಮೇಲೆ ಮಗುವಿನ ಮನೆಗೆ ಯಾರು ಹೋಗುತ್ತಾರೆ?

(ಚಳ್ಳಕೆರೆಯಲ್ಲಿ ಪೋಷಣ್ ಮಾಸದ ಸಭೆಯೊಂದರಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿ ನಿಂತಿರುವ ಆಶಾ ಅಕ್ಕಂದಿರು ದಯವಿಟ್ಟು ಮುಂದೆ ಬಂದು ಕೂತುಕೊಳ್ಳಿ. ಇವತ್ತಿನ ಮಾತು ನಿಮ್ಮ ಕೆಲಸದ್ದೇ.

ಪೌಷ್ಟಿಕತೆ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಅಂಗನವಾಡಿ. ಮೊಟ್ಟೆ, ಹಾಲು, ಬಿಸಿಯೂಟ. ಅದೆಲ್ಲ ಬೇಕೇ ಬೇಕು. ಆದರೆ ದಿನಾ ಬಂದು ಸಾಲಾಗಿ ಕೂತು ಉಣ್ಣುವುದು ಮೂರು ವರ್ಷ ತುಂಬಿದ ಮಕ್ಕಳು. ಮಗು ಸೊರಗುವುದು, ಬೆಳವಣಿಗೆ ಕುಂಠಿತ ಆಗುವುದು ಅದಕ್ಕೂ ಎಷ್ಟೋ ಮೊದಲು. ಆರು ತಿಂಗಳು ತುಂಬಿದಾಗಿನಿಂದ ಎರಡು ವರ್ಷದವರೆಗೆ. ಆ ವಯಸ್ಸಿನ ಮಗು ಅಂಗನವಾಡಿಯಲ್ಲಿ ಇರುವುದಿಲ್ಲ, ಮನೆಯಲ್ಲಿ ಅಜ್ಜಿಯ ಸೊಂಟದ ಮೇಲೆ ಇರುತ್ತದೆ. ಶೇಂಗಾ ಬೆಳೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ, ಆಮೇಲೆ ಎಷ್ಟು ಮಳೆ ಸುರಿದರೂ ಹೋದ ಕಾಯಿ ವಾಪಸ್ ಬರುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಆ ಒಂದೂವರೆ ವರ್ಷ ಮಗುವಿನ ಅಡುಗೆಮನೆಯವರೆಗೆ ಹೋಗಿ ಕೂತು ಮಾತಾಡಬಲ್ಲವರು ಆಶಾ ಕಾರ್ಯಕರ್ತೆಯರು. ಅಂಗನವಾಡಿ ಟೀಚರ್ ಕೂಡ ಮನೆ ಭೇಟಿ ಮಾಡುತ್ತಾರೆ, ಆದರೆ ಅವರಿಗೆ ಕೇಂದ್ರ ಬಿಟ್ಟು ಬರುವುದೇ ಕಷ್ಟ. ನಾವು ಆಶಾ ಅವರನ್ನು ಲೆಕ್ಕ ಬರೆಯುವುದಕ್ಕೆ, ಜನರನ್ನು ಕರೆತರುವುದಕ್ಕೆ, ಮಾತ್ರೆ ಹಂಚುವುದಕ್ಕೆ ಬಳಸುತ್ತಾ ಇದ್ದೇವೆ. ಮಾತಾಡುವುದಕ್ಕೆ ಅವರಿಗೆ ಸಮಯವನ್ನೇ ಕೊಟ್ಟಿಲ್ಲ.

ಯೋಜನೆಗಳಿಗೆ ನಮ್ಮಲ್ಲಿ ಬರ ಇಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗ ಇಡೀ ದೇಶದಲ್ಲಿ ಆರಿಸಿಕೊಂಡ 33 ಜಾಗಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಸಾವಿರ ಜನಕ್ಕೆ ಒಬ್ಬ ಆಶಾ ಅಂತ ಆಯಿತು. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ, 2017ರಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಊಟ ಕೊಡುವ ಮಾತೃಪೂರ್ಣ, 2018ರಲ್ಲಿ ಪೋಷಣ್ ಅಭಿಯಾನ. ಇಷ್ಟಾದ ಮೇಲೂ ಏನಾಗಿದೆ? 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಎತ್ತರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳು ಶೇ 19.5. ರಕ್ತಹೀನತೆ ಅಂತೂ ಶೇ 65.5. ಅಂದರೆ ಮೂರರಲ್ಲಿ ಎರಡು ಮಗು. ಇದು ಯಾವುದೋ ದೂರದ ರಾಜ್ಯದ ಕತೆ ಅಲ್ಲ.

ಈಗ ಒಂದು ಲೆಕ್ಕ ನೋಡೋಣ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಆ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಆರು ಭೇಟಿ. ಇದು ತುಂಬಾ ಒಳ್ಳೆಯ ವ್ಯವಸ್ಥೆ, ಎಳೆಕೂಸುಗಳ ಜೀವ ಉಳಿಸಿದೆ. ಅದಾದ ಮೇಲೆ 3, 6, 9, 12, 15ನೇ ತಿಂಗಳಲ್ಲಿ ಒಂದೊಂದು ಭೇಟಿ. ಈಗ ಆರು ಮತ್ತು ಒಂಬತ್ತರ ನಡುವಿನ ಜಾಗ ನೋಡಿ. ಆರು ತಿಂಗಳಿಗೆ ಎದೆಹಾಲಿನ ಜೊತೆ ಮೇಲೂಟ ಶುರು ಮಾಡಿ ಅಂತ ಹೇಳಿ ಬರುತ್ತೀರಿ. ತಾಯಿ ಶುರು ಮಾಡುತ್ತಾಳೆ. ಮಗು ಉಗುಳುತ್ತದೆ. ಭೇದಿ ಆಗುತ್ತದೆ. ಪಕ್ಕದ ಮನೆಯವರು "ಇನ್ನೂ ಜೀರ್ಣ ಆಗಲ್ಲ, ಸುಮ್ನೆ ಹಾಲೇ ಕುಡಿಸು" ಅನ್ನುತ್ತಾರೆ. ಅವಳು ಬಿಟ್ಟುಬಿಡುತ್ತಾಳೆ. ನೀವು ಮತ್ತೆ ಹೋಗುವ ಹೊತ್ತಿಗೆ ಒಂಬತ್ತು ತಿಂಗಳು. ಆ ಮೂರು ತಿಂಗಳು ಯಾರೂ ಹೋಗಿಲ್ಲ, ಅಲ್ವಾ? ನನ್ನನ್ನು ಕೇಳಿದರೆ ಏಳನೇ ತಿಂಗಳಿಗೊಂದು, ಎಂಟನೇ ತಿಂಗಳಿಗೊಂದು ಭೇಟಿ ಸೇರಿಸಬೇಕು, ಅದಕ್ಕೆ ದುಡ್ಡನ್ನೂ ಕೊಡಬೇಕು. ಹೊಸ ಯೋಜನೆ, ಹೊಸ ಹೆಸರು, ಹೊಸ ಬ್ಯಾನರ್ ಏನೂ ಬೇಡ.

ಆ ಭೇಟಿಯಲ್ಲಿ ಏನು ಮಾತಾಡಬೇಕು ಅನ್ನುವುದಕ್ಕೆ ಈಗ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ಇರುವುದೇ ಇಲ್ಲಿ.

ಮೊದಲನೆಯದಾಗಿ, ಮಾತಾಡಬೇಕಾದದ್ದು ತಾಯಿಯ ಹತ್ತಿರ ಮಾತ್ರ ಅಲ್ಲ. ಈರುಳ್ಳಿ ಕೀಳುವ ಕಾಲದಲ್ಲಿ, ಶೇಂಗಾ ಬಿಡಿಸುವ ಕಾಲದಲ್ಲಿ ತಾಯಿ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಹಗಲೆಲ್ಲ ಮಗುವಿಗೆ ಉಣಿಸುವುದು ಅಜ್ಜಿ. ಅಜ್ಜಿ ಟೀಯಲ್ಲಿ ಬಿಸ್ಕತ್ತು ಅದ್ದಿ ಕೊಡುತ್ತಾಳೆ. ಅಳು ನಿಲ್ಲದಿದ್ದರೆ ಅಂಗಡಿಯ ಐದು ರೂಪಾಯಿ ಪ್ಯಾಕೆಟ್. ಪ್ರೀತಿ ಕಮ್ಮಿ ಅಂತ ಅಲ್ಲ. ಮಗು ಸುಮ್ಮನಾಗುತ್ತದೆ, ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ. ಟೀ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಅನ್ನುವುದನ್ನು ಅವಳಿಗೆ ಯಾರೂ ಕೂತು ಹೇಳಿಲ್ಲ.

ಮೊಳಕಾಲ್ಮುರು ಕಡೆ ಒಬ್ಬ ಆಶಾ ಮಾತಾಡುವುದನ್ನು ನೋಡಿದ್ದೆ. ಅವರು ಚೀಲದಿಂದ ಪೋಸ್ಟರ್ ತೆಗೆಯಲೇ ಇಲ್ಲ. ಕಟ್ಟೆ ಮೇಲೆ ಅಜ್ಜಿ ಪಕ್ಕ ಕೂತರು, ಕೂಸನ್ನು ತಮ್ಮ ತೊಡೆ ಮೇಲೆ ತಗೊಂಡರು, ಆಮೇಲೆ ಕೇಳಿದರು:

"ಅಜ್ಜೀ, ನಿಮ್ಮ ಮಕ್ಕಳಿಗೆಲ್ಲ ರಾಗಿ ಸರಿ ನೀವೇ ಮಾಡ್ತಿದ್ರಾ?"

"ಮತ್ಯಾರು ಮಾಡ್ತಾರವ್ವಾ? ರಾಗಿ ನೆನೆಸ್ಬೇಕು, ಬಟ್ಟೇಲಿ ಕಟ್ಟಿ ಮೊಳಕೆ ಬರಿಸ್ಬೇಕು, ಒಣಗಿಸಿ ಬೀಸಿ ಬಟ್ಟೇಲಿ ಸೋಸ್ಬೇಕು. ಈಗಿನೋರಿಗೆ ಪುರುಸೊತ್ತು ಎಲ್ಲೈತೆ?"

"ನಂಗೂ ಸರಿಯಾಗಿ ಬರಲ್ಲ ಅಜ್ಜೀ. ಒಂದ್ಸಲ ತೋರಿಸ್ತೀರಾ?"

ಅಷ್ಟೇ ಸಾಕಾಯಿತು. ಮುಂದಿನ ವಾರ ಅದೇ ಕಟ್ಟೆ ಮೇಲೆ ಅಜ್ಜಿ ಬೀದಿಯ ನಾಲ್ಕೈದು ಸೊಸೆಯಂದಿರನ್ನು ಕೂರಿಸಿಕೊಂಡು ಸರಿಹಿಟ್ಟು ಮಾಡಿ ತೋರಿಸುತ್ತಾ ಇದ್ದಳು. ಆಶಾ ನಡುವೆ ತಮ್ಮ ಎರಡು ಮಾತು ಸೇರಿಸಿದರು. ಗಂಜಿ ನೀರಾಗಿರಬಾರದು, ಚಮಚ ವಾಲಿಸಿದರೆ ಸರ್ರನೆ ಹರಿದು ಹೋಗಬಾರದು, ಚಮಚದಲ್ಲಿ ನಿಲ್ಲಬೇಕು. ಆಮೇಲೆ ಅದಕ್ಕೆ ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿ. ಯಾವ ತರಬೇತಿ ಪುಸ್ತಕದಲ್ಲೂ ಅಜ್ಜಿಯನ್ನು ಹೀಗೆ ಒಲಿಸಿಕೊಳ್ಳಿ ಅಂತ ಬರೆದಿರುವುದನ್ನು ನಾನು ನೋಡಿಲ್ಲ. ಅದು ಆ ಹೆಣ್ಣುಮಗಳ ಸ್ವಂತ ಜಾಣ್ಮೆ.

ಮೊಳಕೆ ಯಾಕೆ ಅಂತ ಕೇಳುತ್ತಾರೆ. ಕಾರಣ ಇದೆ. ಸಾದಾ ಹಿಟ್ಟು ಕುದಿಸಿದರೆ ಬೇಗ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಮಗು ನುಂಗುವುದಿಲ್ಲ ಅಂತ ನೀರು ಸುರಿಯುತ್ತಾರೆ. ಕೊನೆಗೆ ಬಟ್ಟಲು ತುಂಬಾ ಗಂಜಿ ಇರುತ್ತದೆ, ಅದರಲ್ಲಿ ಹಿಟ್ಟು ಇರುವುದು ಎರಡು ಚಮಚ. ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಹೋಗುತ್ತದೆ. ಮೊಳಕೆ ಬರಿಸಿದ ಹಿಟ್ಟು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಹಾಗಾಗಿ ಅದೇ ಬಟ್ಟಲಿನಲ್ಲಿ ಹಿಟ್ಟು ಜಾಸ್ತಿ ಹಿಡಿಯುತ್ತದೆ. ಜೊತೆಗೆ ರಾಗಿಯಲ್ಲಿರುವ ಕಬ್ಬಿಣದ ಅಂಶವೂ ಮೈಗೆ ಹೆಚ್ಚು ಸಿಗುತ್ತದೆ. ನಮ್ಮ ಅಜ್ಜಿಯರಿಗೆ ಈ ಕಾರಣ ಗೊತ್ತಿತ್ತೋ ಇಲ್ಲವೋ, ವಿಧಾನ ಮಾತ್ರ ಪಕ್ಕಾ ಗೊತ್ತಿತ್ತು.

ಇನ್ನೊಂದು ಬೇಳೆಕಟ್ಟು. "ಮಗೂಗೆ ಬೇಳೆ ಕೊಡ್ತೀವಿ" ಅನ್ನುತ್ತಾರೆ. ಹೋಗಿ ನೋಡಿದರೆ ಕೊಡುತ್ತಿರುವುದು ಮೇಲಿನ ತಿಳಿ. ಬೇಳೆ ತಳದಲ್ಲಿ ಉಳಿದು ದೊಡ್ಡವರ ತಟ್ಟೆಗೆ ಹೋಗುತ್ತದೆ. ಸತ್ವ ಇರುವುದು ಆ ತಳದಲ್ಲಿ. ಬೆಂದ ಬೇಳೆಯನ್ನೇ ಅನ್ನದ ಜೊತೆ ಕೈಯಲ್ಲಿ ನುರಿದು ಕೊಡಿ ಅಂತ ಹೇಳಿ. ಹೇಳುವುದಕ್ಕಿಂತ ಒಂದು ಸಲ ನುರಿದು ತೋರಿಸಿ. ಶೇಂಗಾ ಮನೆಯಲ್ಲೇ ಇದೆ, ಚಳ್ಳಕೆರೆಯಲ್ಲಿ ನಿಂತು ನಾನು ಶೇಂಗಾ ಹುಡುಕಿ ಅಂತ ಹೇಳಬೇಕಾ? ಆದರೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹುರಿದು ನುಣ್ಣಗೆ ಪುಡಿ ಮಾಡಿ ಸರಿಗೆ ಬೆರೆಸಿ. ನುಗ್ಗೆಸೊಪ್ಪು ಪ್ರತಿ ಹಿತ್ತಲಲ್ಲಿ ಇದೆ. ಹೊಸದುರ್ಗದ ಕಡೆ ಸಾವೆ ಇದೆ. ಜಗಳೂರು, ದಾವಣಗೆರೆ ಕಡೆ ಹೊಲ ತುಂಬಾ ಮೆಕ್ಕೆಜೋಳ ಆಗಿಹೋಗಿದೆ, ಅದು ಲಾರಿ ಹತ್ತಿ ಹೋಗುತ್ತದೆ, ಮನೆಯ ಮಡಕೆಗೆ ಬರುವುದಿಲ್ಲ. ಹೊಲದ ಅಂಚಿನಲ್ಲಿ ನಾಲ್ಕು ಸಾಲು ಅವರೆ, ತೊಗರಿ, ಹುರುಳಿ ಹಾಕಿಕೊಳ್ಳಿ ಅಂತ ಗಂಡಸರಿಗೂ ಹೇಳಬೇಕು. ಅದನ್ನು ಹೇಳಬೇಕಾದವರು ಆಶಾ ಅಲ್ಲ, ಮುಂದೆ ಕೂತಿರುವ ಸದಸ್ಯರು.

ಮೊಟ್ಟೆ ವಿಷಯದಲ್ಲಿ ನಮ್ಮ ಕಡೆ ಒಂದು ಸೂಕ್ಷ್ಮ ಇದೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಕೋಳಿ ತಿನ್ನುವುದಿಲ್ಲ, ಅದು ಅವರ ಕಟ್ಟು. ಬೇರೆ ಕಾರಣಕ್ಕೆ ಮೊಟ್ಟೆ ಮುಟ್ಟದ ಮನೆಗಳೂ ಇವೆ. ಅಲ್ಲಿ ವಾದ ಮಾಡುತ್ತಾ ಕೂರಬೇಡಿ. ಹಾಲು, ಮೊಸರು, ಶೇಂಗಾ, ಹುರುಳಿ ಬಗ್ಗೆ ಮಾತು ತೆಗೆಯಿರಿ. ಮೊಟ್ಟೆ ತಿನ್ನುವ ಮನೆಯಲ್ಲಿ ಮಾತ್ರ, ಮೊಟ್ಟೆ ಮಗುವಿಗೇ ಸಿಗುತ್ತಾ ಇದೆಯಾ ಅಂತ ಗಟ್ಟಿಯಾಗಿ ಕೇಳಿ.

ಬಸುರಿಯರ ಕಬ್ಬಿಣದ ಮಾತ್ರೆ ಬಗ್ಗೆ ಒಂದು ಮಾತು. 180 ಮಾತ್ರೆ ಕೊಟ್ಟೆವು ಅಂತ ರಿಜಿಸ್ಟರ್‌ನಲ್ಲಿ ಇರುತ್ತದೆ. ನುಂಗಿದರಾ? ಹಿರಿಯೂರು ಕಡೆಯ ಒಬ್ಬ ಆಶಾ "ಮಾತ್ರೆ ತಗೊಂಡ್ಯಾ" ಅಂತ ಕೇಳುವುದಿಲ್ಲ. "ಕಕ್ಕಸು ಕಪ್ಪಗೆ ಹೋಗ್ತಾ ಇದೆಯಾ?" ಅಂತ ಕೇಳುತ್ತಾರೆ. ಕಪ್ಪಗಾಗಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿದೆ ಅಂತ ಅರ್ಥ. ಅದೇ ಉಸಿರಿನಲ್ಲಿ, ಹೆದರಬೇಡ, ಅದು ಹಾಗೇ ಆಗುತ್ತದೆ ಅಂತ ಧೈರ್ಯವನ್ನೂ ಹೇಳುತ್ತಾರೆ. ಯಾಕೆಂದರೆ ಎಷ್ಟೋ ಹೆಣ್ಣುಮಕ್ಕಳು ಮಾತ್ರೆ ಬಿಡುವುದೇ ಆ ಕಪ್ಪು ಬಣ್ಣ ನೋಡಿ ಗಾಬರಿಯಾಗಿ. ಊಟ ಆದಮೇಲೆ ತಗೊಳ್ಳಲಿ, ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗುವುದು ಬೇಡ.

ಇನ್ನು ಟೇಪ್. ತೋಳು ಅಳೆಯುವ ಪಟ್ಟಿ ಎಲ್ಲರ ಚೀಲದಲ್ಲೂ ಇರಬೇಕು. ಎಡಗೈ, ಭುಜ ಮತ್ತು ಮೊಣಕೈ ನಡುವಿನ ಸರಿ ಮಧ್ಯ, ಕೈ ಸಡಿಲವಾಗಿ ಇಳಿಬಿಟ್ಟಿರಬೇಕು. ಪಟ್ಟಿ ಚರ್ಮಕ್ಕೆ ತಾಗಬೇಕು, ಒತ್ತಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ. 11.5ರಿಂದ 12.5ರೊಳಗೆ ಹಳದಿ, ಮಧ್ಯಮ ಅಪೌಷ್ಟಿಕತೆ. ಅಷ್ಟರಲ್ಲೇ ನಿಲ್ಲಿಸಬೇಡಿ. ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಎರಡೂ ಪಾದದಲ್ಲಿ ಗುಳಿ ಬಿದ್ದು ಹಾಗೇ ನಿಂತರೆ, ಟೇಪ್ ಏನೇ ಹೇಳಲಿ, ಮಗು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಊದಿಕೊಂಡ ಮಗುವನ್ನು ದುಂಡಗಿದೆ ಅಂದುಕೊಂಡು ಬಿಟ್ಟವರಿದ್ದಾರೆ.

ಆಮೇಲೆ ಶುರುವಾಗುತ್ತದೆ ನಿಜವಾದ ಕಷ್ಟ. ಜಿಲ್ಲಾ ಆಸ್ಪತ್ರೆಯ ಎನ್‌ಆರ್‌ಸಿಯಲ್ಲಿ, ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ, ಮಗುವನ್ನು ಸುಮಾರು ಹದಿನಾಲ್ಕು ದಿನ ಇಟ್ಟುಕೊಳ್ಳುತ್ತಾರೆ, ತಾಯಿಗೂ ಊಟ ಇದೆ, ಹೋದ ಕೂಲಿಗೆ ಪರಿಹಾರವೂ ಇದೆ. ಆದರೂ ತಾಯಿ ಬರಲ್ಲ ಅನ್ನುತ್ತಾಳೆ. ಅವಳಿಗೆ ದುಡ್ಡೊಂದೇ ಚಿಂತೆ ಅಲ್ಲ. ಮನೆಯಲ್ಲಿ ಇನ್ನೊಂದು ಮಗು ಇದೆ, ಎಮ್ಮೆ ಇದೆ, ಹೊಲದಲ್ಲಿ ಬೆಳೆ ನಿಂತಿದೆ, ಗಂಡ ಬೈಯುತ್ತಾನೆ. ಇಲ್ಲಿ ಆಶಾ ಗಂಡನ ಹತ್ತಿರ ಮಾತಾಡುತ್ತಾರೆ, ಅತ್ತೆ ಹತ್ತಿರ ಮಾತಾಡುತ್ತಾರೆ, ಓರಗಿತ್ತಿ ಎಮ್ಮೆ ನೋಡಿಕೊಳ್ಳುತ್ತಾಳಾ ಅಂತ ಕೇಳುತ್ತಾರೆ. ಇಷ್ಟೆಲ್ಲ ಓಡಾಡಿದ ಮೇಲೆ ಕಾಗದದಲ್ಲಿ ಉಳಿಯುವುದು ಒಂದು ಮಗು ದಾಖಲು ಅಂತ ಒಂದೇ ಸಾಲು.

ಗೊಲ್ಲರಹಟ್ಟಿಗಳ ಬಗ್ಗೆ ಹೇಳದೆ ಇರಲಾರೆ. ಕೆಲವು ಹಟ್ಟಿಗಳಲ್ಲಿ ಈಗಲೂ ಬಾಣಂತಿ ಮತ್ತು ಹಸುಗೂಸನ್ನು ಊರ ಹೊರಗಿನ ಗುಡಿಸಲಿನಲ್ಲಿ ಇಡುತ್ತಾರೆ. ಚಳಿ, ಮಳೆ, ಸರಿಯಾದ ಊಟ ಇಲ್ಲ, ಎದೆಹಾಲು ಕಮ್ಮಿಯಾಗುತ್ತದೆ. ಸರ್ಕಾರ ಕೆಲವು ಕಡೆ ಕೃಷ್ಣ ಕುಟೀರ ಅಂತ ಕಟ್ಟಡ ಕಟ್ಟಿದೆ. ಗುಡಿಸಲಿಗಿಂತ ಅದು ವಾಸಿ, ಆದರೆ ಆಗಬೇಕಾದದ್ದು ತಾಯಿ ಮಗು ಮನೆಯೊಳಗೆ ಇರುವುದು. ಹೊರಗಿನಿಂದ ಹೋದ ಅಧಿಕಾರಿ ಹೆದರಿಸಿದರೆ ಅವತ್ತೊಂದು ದಿನ ಒಳಗೆ ಕರೆದುಕೊಳ್ಳುತ್ತಾರೆ, ಜೀಪು ಹೋದ ಮೇಲೆ ಮತ್ತೆ ಹೊರಗೆ. ಅದೇ ಹಟ್ಟಿಯ ಸೊಸೆ ಆಶಾ ಆಗಿದ್ದರೆ ಅವಳು ಹೇಳುವ ಮಾತಿಗೆ ಬೇರೆಯೇ ತೂಕ ಇರುತ್ತದೆ. ಆಶಾ ಅದೇ ಊರಿನವಳೇ ಆಗಿರಬೇಕು ಅನ್ನುವ ನಿಯಮಕ್ಕೆ ಇಷ್ಟು ದೊಡ್ಡ ಬೆಲೆ ಇದೆ. ಹಟ್ಟಿ ಮತ್ತು ತಾಂಡಾಗಳನ್ನು ದೂರದ ಊರಿನ ಆಶಾಗೆ ಸುಮ್ನೆ ಅಂಟಿಸುವುದನ್ನು ದಯವಿಟ್ಟು ನಿಲ್ಲಿಸಿ.

ದುಡ್ಡಿನ ಮಾತು ಆಡಲೇಬೇಕು. ಎಳೆಕೂಸಿನ ಆರೂ ಭೇಟಿಗೆ ಸೇರಿ 250 ರೂಪಾಯಿ. 3ನೇ ತಿಂಗಳಿಂದ 15ನೇ ತಿಂಗಳವರೆಗಿನ ಭೇಟಿಗೆ ತಲಾ 50. ಇದು ಕೇಂದ್ರದ ಪ್ರೋತ್ಸಾಹಧನದ ಲೆಕ್ಕ. ಕಾಗದದಲ್ಲಿ ಇವರು ಸ್ವಯಂಸೇವಕಿಯರು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತರು. ತಿಂಗಳಿಗೆ ಕನಿಷ್ಠ 10 ಸಾವಿರ ಸಿಗುವ ಹಾಗೆ ಮಾಡುತ್ತೇವೆ ಅನ್ನುವ ಭರವಸೆ ಸಿಕ್ಕ ಮೇಲೆ ಎದ್ದರು. ಅಂಗನವಾಡಿಯವರಿಗೆ ಗ್ರಾಚ್ಯುಟಿ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದೂ 2022ರಲ್ಲೇ. ಮಾಡಿದ ಕೆಲಸಕ್ಕೆ ಕೂಲಿ ಕೇಳುವುದು ದುರಾಸೆ ಅಲ್ಲ. ತನ್ನ ಮನೆಯಲ್ಲೇ ಬೇಳೆ ಕೊಳ್ಳಲು ಲೆಕ್ಕ ಹಾಕುವ ಹೆಂಗಸು ಇನ್ನೊಬ್ಬರ ಮನೆಗೆ ಹೋಗಿ ಮಗುವಿಗೆ ಬೇಳೆ ಕೊಡಿ ಅಂತ ಹೇಳಬೇಕಾಗಿ ಬರುವುದು ನಮಗೆಲ್ಲರಿಗೂ ನೋವಾಗಬೇಕಾದ ವಿಷಯ.

ಪಂಚಾಯಿತಿ ಸದಸ್ಯರೇ, ನಿಮ್ಮ ಕೈಯಲ್ಲಿ ಆಗುವುದೂ ಇದೆ. ಪ್ರತಿ ಊರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ವರ್ಷಕ್ಕೆ 10 ಸಾವಿರದವರೆಗೆ ಮುಕ್ತ ನಿಧಿ ಇದೆ. ಅದು ಬರೀ ಬ್ಲೀಚಿಂಗ್ ಪೌಡರ್‌ಗೆ ಹೋಗದಿರಲಿ. ತಿಂಗಳಿಗೊಂದು ಸಲ ಅಜ್ಜಿಯರನ್ನು ಸೇರಿಸಿ ಮಗುವಿನ ಅಡುಗೆ ಮಾಡಿಸಿ, ಅದಕ್ಕೆ ಖರ್ಚು ಮಾಡಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವುದಕ್ಕೆ ಅಂತ ಕೂಸಿನ ಮನೆ ಬಂದಿದೆ. ನಿಮ್ಮಲ್ಲಿ ಇದ್ದರೆ ಹೋಗಿ ನೋಡಿ, ಮಕ್ಕಳು ಬರುತ್ತಿದ್ದಾರಾ, ಏನು ತಿನ್ನುತ್ತಿದ್ದಾರೆ ಅಂತ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವ ಮಗುವಿಗೆ ಅದರ ಹೊಡೆತ ಜಾಸ್ತಿ.

ಪ್ರಶ್ನೆಗಳು ಬಂದವು. ಒಬ್ಬ ಅಂಗನವಾಡಿ ಟೀಚರ್ ಕೇಳಿದರು: ಚಿಕ್ಕ ಮಕ್ಕಳಿಗೆ ಅಂತ ಮನೆಗೆ ಕೊಡುವ ಪುಷ್ಟಿ ಅನ್ನುವ ಪೌಷ್ಟಿಕ ಹಿಟ್ಟನ್ನು ಮನೆಮಂದಿಯೆಲ್ಲ ತಿಂದು ಮುಗಿಸುತ್ತಾರೆ, ಏನು ಮಾಡುವುದು? ಬೈಯಬೇಡಿ. ಹಸಿವಿರುವ ಮನೆಯಲ್ಲಿ ಹಂಚಿಕೊಂಡೇ ತಿನ್ನುತ್ತಾರೆ. ಮಗುವಿಗೆ ಅಂತಲೇ ಒಂದು ಬಟ್ಟಲು ಬೇರೆ ಇಡಿಸಿ. ದೊಡ್ಡವರ ತಟ್ಟೆಯಿಂದ ಒಂದೊಂದು ತುತ್ತು ಬಾಯಿಗಿಟ್ಟರೆ ಮಗು ಎಷ್ಟು ತಿಂದಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟಲು ಬೇರೆ ಇದ್ದರೆ ಉಳಿದದ್ದು ಕಣ್ಣಿಗೆ ಕಾಣುತ್ತದೆ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ.

ಚನ್ನಗಿರಿ ಕಡೆಯಿಂದ ಬಂದಿದ್ದ ಒಬ್ಬ ಆಶಾ ಕೇಳಿದರು: ನಮ್ಮ ತಾಂಡಾದವರು ಕಾಫಿ ತೋಟಕ್ಕೆ ಗುಳೆ ಹೋಗುತ್ತಾರೆ, ಮಗುವನ್ನೂ ಕರೆದುಕೊಂಡು ಹೋಗುತ್ತಾರೆ, ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ಇದಕ್ಕೆ ಒಳ್ಳೆಯ ಉತ್ತರ ಸರ್ಕಾರವೇ ಕೊಡಬೇಕು, ತೋಟದ ಹತ್ತಿರವೇ ಮಕ್ಕಳಿಗೆ ಊಟ ಸಿಗಬೇಕು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು. ಹೊರಡುವ ಹಿಂದಿನ ವಾರ ಆ ಮನೆಗೆ ಹೋಗಿ, ತೂಕ ಮತ್ತು ತೋಳಿನ ಅಳತೆ ತೆಗೆದು ತಾಯಿ ಕಾರ್ಡಿನಲ್ಲಿ ಬರೆಯಿರಿ, ಕಾರ್ಡು ಅವರ ಚೀಲದಲ್ಲೇ ಇರಲಿ. ಎರಡು ಮೂರು ಸೇರು ಸರಿಹಿಟ್ಟು ಮಾಡಿಕೊಂಡು ಹೋಗಲು ಹೇಳಿ, ಅದು ಬೇಗ ಕೆಡುವುದಿಲ್ಲ. ತೋಟ ಇರುವ ಊರಿನ ಹೆಸರು, ಮೇಸ್ತ್ರಿಯ ಫೋನ್ ನಂಬರ್ ಬರೆದುಕೊಳ್ಳಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ, ಅಂದರೆ ಪಿಎಚ್‌ಸಿಯಿಂದ, ಆ ಕಡೆಯ ಪಿಎಚ್‌ಸಿಗೆ ಫೋನ್ ಮಾಡಿಸಿ ಅಲ್ಲಿನ ಆಶಾ ಯಾರು ಅಂತ ತಿಳಿದುಕೊಂಡು, ಒಂದು ಮಗು ಬರುತ್ತಾ ಇದೆ, ನೋಡಿಕೊಳ್ಳಿ ಅಕ್ಕಾ ಅಂತ ನೀವೇ ಹೇಳಿ. ಅವರು ವಾಪಸ್ ಬಂದ ವಾರದಲ್ಲೇ ಮತ್ತೆ ಟೇಪ್ ಹಿಡಿದು ನೋಡಿ, ಹಳದಿಗೆ ಇಳಿದಿದ್ದರೆ ತಿಂಗಳ ಸಭೆಗೆ ಕಾಯಬೇಡಿ.